ಗುರಿಗಿಂತ ಸ್ವಲ್ಪ ಕಡಿಮೆ ಏಕೆ? ಆರ್ಥಿಕ ನೀತಿಯ ಗಣಿತದಲ್ಲಿ ನಾನು ಎಡವಿದ ಒಂದು ಹೆಜ್ಜೆ

ಆರ್ಥಿಕ ನೀತಿಯ ಗಣಿತ ಸಿದ್ಧಾಂತವನ್ನು ಈ ಸೆಮಿಸ್ಟರಿನಲ್ಲಿ ನನ್ನೊಂದಿಗೆ ಓದುತ್ತಿರುವವರಿಗಾಗಿ, ಹಾಗೂ ನನ್ನ ತಲೆಯಲ್ಲಿಯೂ ಅದು ಗಟ್ಟಿಯಾಗಿ ನಿಲ್ಲಲಿ ಎಂಬ ಉದ್ದೇಶದಿಂದ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಮೂರು ದಿನ ಕುಳಿತರೂ ಬಿಡಿಸಲಾಗದ ಒಂದು ಹೆಜ್ಜೆ, ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಗದ್ದೆಗೆ ನೀರು ಹಾಯಿಸುವುದನ್ನು ನೋಡುತ್ತಾ ನಿಂತಾಗ ಬಿಡಿಸಿಕೊಂಡಿತು. ಆದ್ದರಿಂದ ಬರಹದ ಹೆಚ್ಚಿನ ಪಾಲು ಆ ಒಂದು ಹೆಜ್ಜೆಗೇ ಸಂದಿದೆ.

ಗುರಿ ಮತ್ತು ಸಾಧನ

ನೆದರ್‌ಲ್ಯಾಂಡ್ಸಿನ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗೆನ್ 1952ರಲ್ಲಿ ಕೊಟ್ಟ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದೇ. ಹಣದುಬ್ಬರ, ಉದ್ಯೋಗ ಮೊದಲಾದವು ಗುರಿಗಳು. ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ), ತೆರಿಗೆ, ಸರ್ಕಾರಿ ವೆಚ್ಚ ಮೊದಲಾದವು ಸಾಧನಗಳು. ಅರ್ಥವ್ಯವಸ್ಥೆಯನ್ನು ಸರಳರೇಖಾತ್ಮಕ ಸಮೀಕರಣಗಳಾಗಿ ಬರೆದರೆ, ಸ್ವತಂತ್ರವಾದ ಗುರಿಗಳು ಎಷ್ಟಿವೆಯೋ ಕನಿಷ್ಠ ಅಷ್ಟು ಸ್ವತಂತ್ರ ಸಾಧನಗಳು ಬೇಕು. ಒಂದು ಗುರಿಗೆ ಒಂದು ಸಾಧನವಿದ್ದರೆ ಸಾಕು, ಎರಡನೆಯದು ಹೆಚ್ಚುವರಿ. ಈ ‘ಹೆಚ್ಚುವರಿ’ ಎಂಬ ಮಾತನ್ನು ನೆನಪಿನಲ್ಲಿಡಿ, ಮುಂದೆ ಅದು ನಿಲ್ಲುವುದಿಲ್ಲ.

ಅನಿಶ್ಚಿತತೆ ಎಲ್ಲಿ ಕುಳಿತಿದೆ

ಒಂದೇ ಗುರಿ, ಒಂದೇ ಸಾಧನ ಇರುವ ಮಾದರಿಯನ್ನು ತೆಗೆದುಕೊಳ್ಳೋಣ:

ಫ = ಕ × ಸ + ಆ

ಇಲ್ಲಿ ಫ ಎಂದರೆ ಫಲ, ಸ ಎಂದರೆ ನಾವು ಬಳಸುವ ಸಾಧನದ ಪ್ರಮಾಣ, ಕ ಎಂದರೆ ಸಾಧನ ಎಷ್ಟು ಪರಿಣಾಮ ಬೀರುತ್ತದೆ ಎಂಬ ಗುಣಕ, ಆ ಎಂದರೆ ಹೊರಗಿನಿಂದ ಬರುವ ಆಘಾತ. ಆಘಾತದ ಸರಾಸರಿ ಸೊನ್ನೆ, ಗುಣಕಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದುಕೊಳ್ಳೋಣ. ಫಲವು ಗುರಿಯಿಂದ (ಗ) ಎಷ್ಟು ದೂರ ಸರಿಯಿತೋ ಅದರ ವರ್ಗವೇ ನಷ್ಟ. ಈ ನಷ್ಟದ ಸರಾಸರಿಯನ್ನು ಆದಷ್ಟು ಕಡಿಮೆ ಮಾಡುವುದು ನಮ್ಮ ಕೆಲಸ.

ಅನಿಶ್ಚಿತತೆ ಆ ಎಂಬ ಪದದಲ್ಲಿ ಮಾತ್ರ ಇದ್ದರೆ ತೊಂದರೆಯಿಲ್ಲ. ಆಘಾತವನ್ನು ಮರೆತು ಅದರ ಸರಾಸರಿಯನ್ನೇ ಹಾಕಿ ಲೆಕ್ಕ ಮಾಡಿದರೂ ಅದೇ ಉತ್ತರ ಬರುತ್ತದೆ. ಹರ್ಬರ್ಟ್ ಸೈಮನ್ 1956ರಲ್ಲಿ, ಹೆನ್ರಿ ಥೈಲ್ 1957ರಲ್ಲಿ ತೋರಿಸಿದ್ದು ಇದನ್ನೇ. ಆದರೆ ಅನಿಶ್ಚಿತತೆ ಗುಣಕದಲ್ಲೇ ಇದ್ದರೆ ಉತ್ತರ ಬದಲಾಗುತ್ತದೆ, ನೀತಿಯು ಉದ್ದೇಶಪೂರ್ವಕವಾಗಿ ಗುರಿಗಿಂತ ಕೆಳಗೆ ನಿಲ್ಲಬೇಕಾಗುತ್ತದೆ ಎಂದು ಅಮೆರಿಕದ ವಿಲಿಯಂ ಬ್ರೈನಾರ್ಡ್ 1967ರಲ್ಲಿ ತೋರಿಸಿದರು. ನಾನು ಎಡವಿದ್ದು ಇಲ್ಲಿ.

ನಮ್ಮ ಗದ್ದೆ ಇರುವುದು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ವರ್ಷದಲ್ಲಿಯೂ ನಮ್ಮ ಕಾಲುವೆಗೆ ಇಷ್ಟೇ ನೀರು ಬರುತ್ತದೆ ಎಂದು ಹೇಳಲಾಗದು, ಏಕೆಂದರೆ ಮೇಲಿನವರು ಎಷ್ಟು ತಿರುಗಿಸಿಕೊಂಡಿದ್ದಾರೆ ಎಂಬುದು ಇಲ್ಲಿ ನಿಂತವರಿಗೆ ಕಾಣುವುದಿಲ್ಲ. ಅಪ್ಪ ಗುದ್ದಲಿಯಿಂದ ಕಾಲುವೆಯ ಬಾಯಿಯ ಮಣ್ಣನ್ನು ಸರಿಸುವಾಗ ಬೇಕಾದುದಕ್ಕಿಂತ ಚಿಕ್ಕದಾಗಿಯೇ ತೆರೆಯುತ್ತಾರೆ. ಏಕೆಂದು ಕೇಳಿದೆ. ‘ಕಮ್ಮಿ ಆದ್ರೆ ನಾಳಿಕ್ಕೆ ಇನ್ನೊಂದ್ ಚೂರು ಬುಡಬೌದು ಕಣವ್ವ, ಬದ ಕಿತ್ಕೊಂಡ್ರೆ ಏನ್ ಮಾಡೀಯೆ?’ ಎಂದರು.

ಬ್ರೈನಾರ್ಡ್ ಹೇಳಿದ ಕಾರಣವೂ ಇದೇ ಎಂದು ನಾನು ಒಂದು ಸಂಜೆಯಿಡೀ ನಂಬಿದ್ದೆ. ಅದು ತಪ್ಪು, ಮತ್ತು ಈ ತಪ್ಪನ್ನು ನೀವೂ ಮಾಡುವ ಸಂಭವ ಬಹಳ ಇದೆ. ಅಪ್ಪನ ಲೆಕ್ಕದಲ್ಲಿ ಹೆಚ್ಚಾದರೆ ಆಗುವ ನಷ್ಟ, ಕಡಿಮೆಯಾದರೆ ಆಗುವ ನಷ್ಟಕ್ಕಿಂತ ದೊಡ್ಡದು. ವರ್ಗದ ನಷ್ಟದಲ್ಲಿ ಹಾಗಿಲ್ಲ. ಗುರಿಯಿಂದ 3 ಮೇಲೆ ಹೋದರೂ 9, 3 ಕೆಳಗೆ ಬಿದ್ದರೂ 9. ಎರಡೂ ಬದಿ ಸಮವಾಗಿರುವಾಗಲೂ ಕಡಿಮೆ ತೆರೆಯುವುದೇ ಸರಿ ಎಂಬುದು ಬ್ರೈನಾರ್ಡ್ ಫಲಿತಾಂಶದ ವಿಶೇಷ.

ಕಾರಣವನ್ನು ಅದೇ ಗದ್ದೆಯಲ್ಲಿ ನೋಡಬಹುದು. ರಾತ್ರಿ ಮಳೆ ಬರುವುದೋ ಇಲ್ಲವೋ ಎಂಬುದು ಆ. ನಾವು ಬಾಯಿಯನ್ನು ಎಷ್ಟು ತೆರೆದರೂ ಮಳೆ ಅಷ್ಟೇ ಬರುತ್ತದೆ. ಕಾಲುವೆಯಲ್ಲಿ ನೀರು ಎಷ್ಟು ರಭಸವಾಗಿ ಬರುತ್ತಿದೆ ಎಂಬುದು ಕ; ಬಾಯಿ ಚಿಕ್ಕದಿದ್ದರೆ ಈ ರಭಸದ ಏರುಪೇರಿನಿಂದ ಆಗುವ ವ್ಯತ್ಯಾಸವೂ ಚಿಕ್ಕದು, ದೊಡ್ಡದಾಗಿ ತೆರೆದರೆ ವ್ಯತ್ಯಾಸವೂ ದೊಡ್ಡದು. ಅಂದರೆ ಈ ಎರಡನೆಯ ಅನಿಶ್ಚಿತತೆಯನ್ನು ದೊಡ್ಡದು ಮಾಡುವುದು ನಮ್ಮ ಕೈಯೇ.

ಈಗ ಅಂಕಿಗಳನ್ನು ಹಾಕೋಣ. ಗುರಿ 10. ಗುಣಕವು 1 ಆಗುವ ಸಂಭವ ಅರ್ಧ, 3 ಆಗುವ ಸಂಭವ ಅರ್ಧ, ಸರಾಸರಿ 2. ಆಘಾತವನ್ನು ಸದ್ಯಕ್ಕೆ ಬಿಡೋಣ. ಸರಾಸರಿಯನ್ನು ನಂಬಿದರೆ ಸ = 5. ಆಗ ಫಲ 5 ಅಥವಾ 15. ಎರಡೂ ಗುರಿಯಿಂದ 5 ದೂರ, ಆದ್ದರಿಂದ ಸರಾಸರಿ ನಷ್ಟ 25. ಸ = 4 ಮಾಡಿ ನೋಡಿ: ಫಲ 4 ಅಥವಾ 12, ನಷ್ಟ 36 ಅಥವಾ 4, ಸರಾಸರಿ 20. ಸ = 3 ಆದರೆ ಫಲ 3 ಅಥವಾ 9, ನಷ್ಟ 49 ಅಥವಾ 1, ಸರಾಸರಿ ಮತ್ತೆ 25. ಕನಿಷ್ಠ ನಷ್ಟ ಸ = 4ರಲ್ಲಿದೆ; ಅಲ್ಲಿ ಸರಾಸರಿ ಫಲ 8 ಮಾತ್ರ, 10 ಅಲ್ಲ. ಈ ಮೂರು ಸಾಲುಗಳನ್ನು ಕೈಯಾರೆ ಬರೆದು ನೋಡುವವರೆಗೆ ಸೂತ್ರವನ್ನು ಮುಟ್ಟಬೇಡಿ ಎಂಬುದು ನನ್ನ ಸಲಹೆ.

ಸೂತ್ರದಲ್ಲಿ ನನ್ನ ಕಾಲಿಗೆ ತೊಡರಿದ್ದು ಒಂದೇ ಸಾಲು. ನಷ್ಟವನ್ನು ಬಿಡಿಸುವಾಗ ಕ² ಎಂಬುದರ ಸರಾಸರಿ ಬರುತ್ತದೆ. ನಾನು ಅಲ್ಲಿ ಸರಾಸರಿಯ ವರ್ಗವನ್ನು ಬರೆದುಬಿಡುತ್ತಿದ್ದೆ. ಎರಡೂ ಒಂದಲ್ಲ. ನಮ್ಮ ಉದಾಹರಣೆಯಲ್ಲಿ 1 ಮತ್ತು 3ರ ವರ್ಗಗಳು 1 ಮತ್ತು 9, ಅವುಗಳ ಸರಾಸರಿ 5. ಸರಾಸರಿಯಾದ 2ರ ವರ್ಗ 4. ಉಳಿದ 1 ಎಂಬುದೇ ಗುಣಕದ ವೇರಿಯನ್ಸ್, ಅಂದರೆ ಗುಣಕವು ತನ್ನ ಸರಾಸರಿಯಿಂದ ಎಷ್ಟು ಚದುರುತ್ತದೆ ಎಂಬುದರ ಅಳತೆ. ಗುಣಕದ ಸರಾಸರಿಯನ್ನು ಮ, ವೇರಿಯನ್ಸನ್ನು ವ ಎಂದು ಕರೆದರೆ, ಆಘಾತದ ಪಾಲನ್ನು ಬಿಟ್ಟು,

ಸರಾಸರಿ ನಷ್ಟ = (ಮ × ಸ − ಗ)² + ವ × ಸ²

ಎರಡನೆಯ ಪದದಲ್ಲಿ ಸ² ಕುಳಿತಿರುವುದನ್ನು ಗಮನಿಸಿ. ಬಾಯಿ ತೆರೆದಷ್ಟೂ ಬೆಳೆಯುವ ಪದ ಇದೇ. ನಷ್ಟ ಕನಿಷ್ಠವಾಗುವ ಜಾಗವನ್ನು ಹುಡುಕಲು ಸ ಕುರಿತು ಅವಕಲಿಸಿ (ಡಿಫರೆನ್ಶಿಯೇಟ್ ಮಾಡಿ) ಸೊನ್ನೆಗೆ ಸಮ ಮಾಡಿದರೆ,

ಸ = ಮ × ಗ ÷ (ಮ² + ವ)

ಅಂಕಿ ಹಾಕಿದರೆ 20 ÷ 5 = 4. ವ ಸೊನ್ನೆಯಾದರೆ ಸ = ಗ ÷ ಮ, ಅಂದರೆ ಟಿನ್‌ಬರ್ಗೆನ್ ಉತ್ತರ.

ರೆಪೊ ದರದ ಮಾತು ಬಂದಾಗಲೆಲ್ಲ ಈ ಫಲಿತಾಂಶವನ್ನು ಎಳೆದು ತರುವವರಿದ್ದಾರೆ. ರಿಸರ್ವ್ ಬ್ಯಾಂಕ್ ಕಾಯ್ದೆಗೆ ಆದ 2016ರ ತಿದ್ದುಪಡಿಯ ನಂತರ ರಿಸರ್ವ್ ಬ್ಯಾಂಕಿನ ಆರು ಸದಸ್ಯರ ಹಣಕಾಸು ನೀತಿ ಸಮಿತಿಗೆ ಶೇ. 4ರ ಹಣದುಬ್ಬರದ ಗುರಿ, ಶೇ. 2ರಿಂದ 6ರ ಮಿತಿ ಇದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯವರೆಗೆ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿದ್ದು ಆರು ಹೆಜ್ಜೆಗಳಲ್ಲಿ. ಇದನ್ನು ಬ್ರೈನಾರ್ಡ್ ತತ್ತ್ವದ ಉದಾಹರಣೆ ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ಅವರ ಮಾದರಿಯಲ್ಲಿ ಇರುವುದು ಒಂದೇ ಅವಧಿ; ಅದು ಒಟ್ಟು ಪ್ರಮಾಣ ಎಷ್ಟಿರಬೇಕು ಎಂದು ಹೇಳುತ್ತದೆಯೇ ಹೊರತು, ಅದನ್ನು ಎಷ್ಟು ಕಂತುಗಳಲ್ಲಿ ಕೊಡಬೇಕು ಎಂದು ಹೇಳುವುದಿಲ್ಲ. ಜೊತೆಗೆ, ಕಡಿಮೆ ಮಾಡುವುದೇ ಯಾವಾಗಲೂ ಸರಿ ಎಂದೂ ಇಲ್ಲ: ಗುಣಕ ಮತ್ತು ಆಘಾತ ಒಂದಕ್ಕೊಂದು ಹೊಂದಿಕೊಂಡು ಏರಿಳಿಯುವುದಾದರೆ, ಅಥವಾ ಹಣದುಬ್ಬರ ಎಷ್ಟು ಕಾಲ ಉಳಿಯುತ್ತದೆ ಎಂಬುದೇ ಅನಿಶ್ಚಿತವಾಗಿದ್ದರೆ, ಲೆಕ್ಕವು ಇನ್ನೂ ಬಿರುಸಾದ ಕ್ರಮವನ್ನು ಕೇಳಬಹುದು.

ಎರಡನೆಯ ಸಾಧನ

ಈಗ ‘ಹೆಚ್ಚುವರಿ’ ಎಂಬ ಮಾತಿಗೆ ಹಿಂದಿರುಗೋಣ. ಅದೇ ಗುರಿಗೆ ಅದೇ ಬಗೆಯ ಇನ್ನೊಂದು ಸಾಧನ ಸಿಕ್ಕಿತು ಎನ್ನಿ. ಸರಾಸರಿ 2, ವೇರಿಯನ್ಸ್ 1, ಮೊದಲನೆಯದರ ಏರುಪೇರಿಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಸಮನಾಗಿ, ಪ್ರತಿಯೊಂದನ್ನೂ ಸ ಪ್ರಮಾಣದಲ್ಲಿ, ಬಳಸಿದರೆ ಸರಾಸರಿ ನಷ್ಟ (4ಸ − 10)² + 2ಸ². ಕನಿಷ್ಠವಾಗುವುದು ಸ = 20 ÷ 9ರಲ್ಲಿ, ಸುಮಾರು 2.22. ಆಗ ಸರಾಸರಿ ಫಲ ಸುಮಾರು 8.9ಕ್ಕೆ ಏರುತ್ತದೆ, ನಷ್ಟ 20ರಿಂದ ಸುಮಾರು 11.1ಕ್ಕೆ ಇಳಿಯುತ್ತದೆ. ಗುರಿ ಒಂದೇ ಆದರೂ ಎರಡನೆಯ ಸಾಧನ ನಷ್ಟವನ್ನು ಅರ್ಧದ ಹತ್ತಿರಕ್ಕೆ ತಂದಿತು. ಗುಣಕಗಳು ಖಚಿತವಾಗಿರುವಾಗ ಮಾತ್ರ ಸಾಧನಗಳನ್ನು ಎಣಿಸಿ ‘ಸಾಕು’ ಎನ್ನಬಹುದು. ಎರಡು ಕಾಲುವೆಗಳಿಂದ ಸ್ವಲ್ಪ ಸ್ವಲ್ಪ ನೀರು ತೆಗೆದುಕೊಳ್ಳುವ ಅನುಕೂಲವಿದ್ದ ಗದ್ದೆಯವರು ಇದನ್ನು ಲೆಕ್ಕವಿಲ್ಲದೆಯೇ ಒಪ್ಪುತ್ತಾರೆ.

ಇಷ್ಟರಲ್ಲೆಲ್ಲ ಗುಣಕವು ಏರುಪೇರಾದರೂ ನಮ್ಮ ನಿಯಮವನ್ನು ನೋಡಿ ಬದಲಾಗುವುದಿಲ್ಲ ಎಂದು ಒಪ್ಪಿಕೊಂಡಿದ್ದೇವೆ. ರಾಬರ್ಟ್ ಲ್ಯೂಕಸ್ 1976ರಲ್ಲಿ ಪ್ರಶ್ನಿಸಿದ್ದು ಅದನ್ನೇ: ನೀತಿಯ ನಿಯಮ ಬದಲಾದರೆ ಜನರ ನಿರೀಕ್ಷೆ ಬದಲಾಗುತ್ತದೆ, ಅದರೊಂದಿಗೆ ಹಳೆಯ ಅಂಕಿಅಂಶಗಳಿಂದ ಅಳೆದ ಗುಣಕವೂ ಬದಲಾಗುತ್ತದೆ. ನೀರು ಬಿಡುವ ಸರದಿ ಬದಲಾಯಿತೆಂದು ತಿಳಿದ ಕೂಡಲೇ ಮೇಲಿನ ಗದ್ದೆಯವರು ತಿರುಗಿಸಿಕೊಳ್ಳುವ ಪ್ರಮಾಣವೂ ಬದಲಾದಂತೆ. ಆಗ ಸೂತ್ರದಲ್ಲಿ ವ ಎಷ್ಟು ಎಂದು ಅಳೆಯುವುದಕ್ಕೆ ಮೊದಲೇ ಮ ಎಂಬುದು ಯಾವ ನಿಯಮದಡಿಯ ಸರಾಸರಿ ಎಂದು ಕೇಳಬೇಕಾಗುತ್ತದೆ.