ಬೆಂಗಳೂರಿನ ದರಕ್ಕೆ ಕೊಂಡ ತರಂಗ, ಸೇಡಂ ಬಂಡೆಯ ಮೇಲಿನ ಟವರ್: ಕಲಬುರಗಿ ಸೀಮೆಯ 3ಜಿ ಲೆಕ್ಕ

3ಜಿ ತರಂಗಾಂತರದ ಹರಾಜು 2010ರ ಏಪ್ರಿಲ್ 9ರಂದು ಶುರುವಾಗಿ, 34 ದಿನ ಹಾಗೂ 183 ಸುತ್ತು ನಡೆದು, ಮೇ 19ರಂದು ಮುಗಿಯಿತು. ಕರ್ನಾಟಕ ಸರ್ಕಲ್‌ಗೆ (ಇಡೀ ರಾಜ್ಯ ಸೇರಿದ ಒಂದೇ ಲೈಸೆನ್ಸ್ ವಲಯ) ಸರ್ಕಾರ ಇಟ್ಟಿದ್ದ ಮೂಲ ಬೆಲೆ 320 ಕೋಟಿ ರೂಪಾಯಿ. ಕೂಗು ನಿಂತದ್ದು 1,579.91 ಕೋಟಿಗೆ, ಅಂದರೆ ಹೆಚ್ಚೂಕಡಿಮೆ ಐದು ಪಟ್ಟಿಗೆ. ದೆಹಲಿ, ಮುಂಬೈ ಬಿಟ್ಟರೆ ದೇಶದಲ್ಲೇ ದುಬಾರಿ ಸರ್ಕಲ್ ನಮ್ಮದೇ. ಏರ್‌ಟೆಲ್, ಟಾಟಾ, ಏರ್‌ಸೆಲ್ ಮೂವರೂ ಅಷ್ಟಷ್ಟು ಹಣ ಕಟ್ಟಿ 2,100 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ತಲಾ 5 ಮೆಗಾಹರ್ಟ್ಸ್ ಜೋಡಿ (ಕಳುಹಿಸಲು 5, ಪಡೆಯಲು 5) ಪಡೆದರು. ಬಿಎಸ್‌ಎನ್‌ಎಲ್ ಹರಾಜಿಗೆ ನಿಲ್ಲಲಿಲ್ಲ. ಅದಕ್ಕೆ ತರಂಗ ಮೊದಲೇ ಸಿಕ್ಕಿತ್ತು, ಆದರೆ ಖಾಸಗಿಯವರು ಕೂಗಿದ ಬೆಲೆಯನ್ನೇ ಅದೂ ಕಟ್ಟಬೇಕಾಯಿತು.

ಈ ಬೆಲೆ ಇಡೀ ಸರ್ಕಲ್‌ನದು. ಅದನ್ನು ಏರಿಸಿದ್ದು ಬೆಂಗಳೂರಿನ ಗಿರಾಕಿ, ಯಾದಗಿರಿಯವನಲ್ಲ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 96 ಲಕ್ಷ ಜನ, ಸುಮಾರು 2,200 ಚದರ ಕಿಲೋಮೀಟರ್ ಜಾಗ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಸೇರಿ 54 ಲಕ್ಷ ಜನ, ಸುಮಾರು 21,600 ಚದರ ಕಿಲೋಮೀಟರ್. ಯಾದಗಿರಿ ಜಿಲ್ಲೆಯಾಗಿ ಬೇರ್ಪಟ್ಟದ್ದು 2009ರ ಡಿಸೆಂಬರ್ ಕೊನೆಯಲ್ಲಿ, ಹರಾಜಿಗೆ ಮೂರು ತಿಂಗಳು ಮುಂಚೆ. ಅಲ್ಲಿನ ಸಾಕ್ಷರತೆ ಶೇ 52ಕ್ಕೂ ಮುಟ್ಟಿರಲಿಲ್ಲ. ಕಂಪನಿಗಳ ಲೆಕ್ಕದ ಹಾಳೆಯಲ್ಲಿ ಈ ಮೂರು ಜಿಲ್ಲೆಗಳು ಹೇಗೆ ಕಂಡಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹರಾಜಿನ ಷರತ್ತುಗಳೂ ಕಂಪನಿಗಳ ಕಡೆಗೇ ಇದ್ದವು. ದೆಹಲಿ, ಮುಂಬೈಯಂಥ ಮಹಾನಗರ ಸರ್ಕಲ್‌ಗಳ ಹೊರಗೆ, ಐದು ವರ್ಷದೊಳಗೆ ಸರ್ಕಲ್‌ನ ಜಿಲ್ಲಾ ಕೇಂದ್ರಗಳಲ್ಲಿ ಅರ್ಧದಷ್ಟನ್ನು ಮುಟ್ಟಿದರೆ ಸಾಕಿತ್ತು. ಕರ್ನಾಟಕದಲ್ಲಿ ಆಗ 30 ಜಿಲ್ಲೆ. ಹದಿನೈದು ಊರಿಗೆ 3ಜಿ ಕೊಟ್ಟರೆ ಕರಾರು ಬಹುಮಟ್ಟಿಗೆ ಮುಗಿಯಿತು. ಐದು ಲಕ್ಷ ದಾಟಿದ ಕಲಬುರಗಿ ನಗರ ಆ ಪಟ್ಟಿಗೆ ಸಹಜವಾಗಿ ಬರುತ್ತದೆ, ಬೀದರ್ ಬಂದರೂ ಬರಬಹುದು. ಸುರಪುರ, ಚಿಂಚೋಳಿ, ಔರಾದ್‌ಗಳನ್ನು ಕೇಳುವವರಿರಲಿಲ್ಲ.

ಬಡ್ಡಿಯ ಲೆಕ್ಕ ನೋಡಿ. ಹಣವನ್ನು ಮೇ 31ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕಿತ್ತು. ತರಂಗ ಬಳಕೆಗೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. 1,580 ಕೋಟಿಗೆ ವರ್ಷಕ್ಕೆ ಶೇ 10ರಂತೆ ಹಿಡಿದರೂ ತಿಂಗಳಿಗೆ 13 ಕೋಟಿ ಬಡ್ಡಿ. ಗಿರಾಕಿಯೊಬ್ಬನಿಂದ ಎಲ್ಲ ಖರ್ಚು ಕಳೆದು ತಿಂಗಳಿಗೆ 50 ರೂಪಾಯಿ ಉಳಿದರೆ, ಬಡ್ಡಿ ತೀರಿಸುವುದಕ್ಕೇ 26 ಲಕ್ಷ 3ಜಿ ಗಿರಾಕಿಗಳು ಬೇಕು. ಅಸಲು, ಟವರ್, ಡೀಸೆಲ್ ಎಲ್ಲ ಆಮೇಲಿನ ಮಾತು.

ಇನ್ನು ಟವರ್. 2ಜಿ ಓಡುತ್ತಿದ್ದುದು ಬಹುಪಾಲು 900 ಮೆಗಾಹರ್ಟ್ಸ್‌ನಲ್ಲಿ. 2,100ಕ್ಕೆ ಏರಿದರೆ ಬಯಲಿನಲ್ಲೇ ಏಳು ಡೆಸಿಬಲ್‌ಗೂ (ಸಿಗ್ನಲ್ ಬಲದ ಏರಿಳಿತದ ಅಳತೆ) ಹೆಚ್ಚು ನಷ್ಟ. ಗಿಡಮರ, ಮನೆಗಳ ನಡುವೆ ಇನ್ನೂ ಹೆಚ್ಚು. ಕೊನೆಗೆ ಟವರಿನ ವ್ಯಾಪ್ತಿಯ ತ್ರಿಜ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. 900ರಲ್ಲಿ ಆರು ಕಿಲೋಮೀಟರ್ ಮುಟ್ಟುವ ಕಡೆ 2,100ರಲ್ಲಿ ಮೂರು ಕಿಲೋಮೀಟರ್ ಎಂದುಕೊಂಡರೆ, ಮೂರು ಜಿಲ್ಲೆಗಳನ್ನು ಹೊದಿಸಲು 2ಜಿಗೆ 230 ಟವರ್ ಸಾಕು, 3ಜಿಗೆ 900 ದಾಟುತ್ತದೆ. ಇದು ಒಂದೇ ಕಂಪನಿಯ ಲೆಕ್ಕ. ಹಾಗಾಗಿ ಯಾರೂ ಹೊದಿಸಲು ಹೋಗಲಿಲ್ಲ. ಹಳೆಯ ಟವರುಗಳಲ್ಲಿ ಊರೊಳಗಿನವನ್ನು ಆರಿಸಿ 3ಜಿ ಪೆಟ್ಟಿಗೆ ಕೂಡಿಸಿದರು. ಊರಿಗೊಂದು 3ಜಿ ದ್ವೀಪ, ನಡುವೆ ಬರೀ ಎಡ್ಜ್, ಅಂದರೆ 2ಜಿಯ ನಿಧಾನ ನೆಟ್.

ಕೂಡಿಸುವುದೂ ಪುಕ್ಕಟೆಯಲ್ಲ. ಹಳ್ಳಿ ಟವರು 40ರಿಂದ 60 ಮೀಟರ್ ಎತ್ತರ. ಕೆಳಗಿನ ಶೆಲ್ಟರ್‌ನಲ್ಲಿ ಯಂತ್ರವಿಟ್ಟು ದಪ್ಪ ಫೀಡರ್ ಕೇಬಲ್ ಮೇಲಕ್ಕೆಳೆದರೆ, 2,100ರಲ್ಲಿ ಆ ಕೇಬಲ್ 100 ಮೀಟರಿಗೆ ಸುಮಾರು 6 ಡೆಸಿಬಲ್ ತಿನ್ನುತ್ತದೆ. 60 ಮೀಟರ್ ಏರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೇಬಲಿನಲ್ಲೇ ಶಾಖವಾಗಿ ಹೋಯಿತು. ಇದಕ್ಕೆ ಮದ್ದು ಎಂದರೆ ರೇಡಿಯೊವನ್ನೇ ಆಂಟೆನಾ ಪಕ್ಕಕ್ಕೆ ಏರಿಸಿ ಕೆಳಗಿನಿಂದ ಫೈಬರ್, ವಿದ್ಯುತ್ ಮಾತ್ರ ಕೊಡುವುದು. ಆಗ ಟವರ್ ಕಂಪನಿ ಹೆಚ್ಚಿನ ತೂಕಕ್ಕೆ, ಗಾಳಿಯ ಒತ್ತಡಕ್ಕೆ ಬಾಡಿಗೆ ಏರಿಸುತ್ತದೆ. ಮೇಲಿನ ಜಂಪರ್ ಕೇಬಲಿನ ಕನೆಕ್ಟರ್‌ಗೆ ಟೇಪ್ ಸರಿಯಾಗಿ ಸುತ್ತದಿದ್ದರೆ ಮೊದಲ ಮಳೆಗೇ ನೀರಿಳಿದು ಒಂದು ಸೆಕ್ಟರ್, ಅಂದರೆ ಟವರಿನ ಮೂರು ದಿಕ್ಕಿನ ಆಂಟೆನಾಗಳಲ್ಲಿ ಒಂದು, ಸಾಯುತ್ತದೆ. ಟವರಿನ ಒಂದು ದಿಕ್ಕಿನ ಓಣಿಗಳಲ್ಲಿ ಮಾತ್ರ ನೆಟ್ ಹೋಯಿತೆಂದರೆ ಕಾರಣ ಎಷ್ಟೋ ಸಲ ಇದೇ.

ಮಣ್ಣಿನ ಖರ್ಚು ಬೇರೆ. ಜೇವರ್ಗಿ, ಅಫಜಲಪುರ, ಶಹಾಪುರ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಟವರಿನ ಪಾಯ ಗಟ್ಟಿ ಮುರಮಿನವರೆಗೆ ಇಳಿಯಬೇಕು ಅಥವಾ ಅಗಲ ಹಾಸು ಹಾಕಬೇಕು. ಕಾಂಕ್ರೀಟು, ಕಬ್ಬಿಣ ಎರಡೂ ಹೆಚ್ಚು. ಚಿತ್ತಾಪುರ, ಸೇಡಂ, ಶಹಾಬಾದ್ ಕಡೆ ಉಲ್ಟಾ. ಅಂಗೈ ಆಳಕ್ಕೇ ಪರಸಿ ಬಂಡೆ. ಫೈಬರ್ ಹೂಳಲು ವಾಡಿಕೆಯ ಆಳ 1.65 ಮೀಟರ್. ಬಂಡೆಯಲ್ಲಿ ಅಷ್ಟು ಕಡಿಯಲು ದುಡ್ಡು ಸಾಲದೆ ಗುತ್ತಿಗೆದಾರ ಮೇಲೆಮೇಲೆ ಹಾಕಿ ಹೋಗುತ್ತಾನೆ. ಮುಂದೆ ರಸ್ತೆ ಅಗಲ ಮಾಡುವ ಜೆಸಿಬಿಗೆ ಅದೇ ಮೊದಲು ಸಿಗುತ್ತದೆ. ಬಂಡೆಯಲ್ಲಿ ಅರ್ಥಿಂಗ್ ಕೂಡ ಕೂರುವುದಿಲ್ಲ. ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವವರಿಲ್ಲದೆ, ಮುಂಗಾರಿನ ಮೊದಲ ಸಿಡಿಲಿಗೆ ಮೇಲಿನ ರೇಡಿಯೊ ಸುಡುತ್ತದೆ. ಅದೇ ಪರಸಿ ಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ 2,100ರ ಸಿಗ್ನಲ್ ಒಳಗೆ ಬರುವುದೇ ಇಲ್ಲ. ಮಾಳಿಗೆ ಮೇಲೆ 3ಜಿ, ಪಡಸಾಲೆಯಲ್ಲಿ ಎಡ್ಜ್. ಬೀದರಿನಲ್ಲಿ ವಾಯುಪಡೆಯ ನೆಲೆ ಇರುವುದರಿಂದ ಹತ್ತಿರದ ಟವರುಗಳಿಗೆ ಎತ್ತರದ ಅನುಮತಿಯೂ ಒಂದು ತಲೆನೋವು.

ಕರೆಂಟಿನ ಲೆಕ್ಕಕ್ಕೆ ಬರೋಣ. 3ಜಿ ಪೆಟ್ಟಿಗೆ 48 ವೋಲ್ಟ್‌ನಲ್ಲಿ ಸುಮಾರು 20 ಆಂಪ್ ಹೆಚ್ಚುವರಿ ಎಳೆಯುತ್ತದೆ, ಒಂದು ಕಿಲೋವ್ಯಾಟ್ ಅನ್ನಿ. 600 ಆಂಪ್-ಅವರ್ ಬ್ಯಾಟರಿ ಸಾಲಿನಲ್ಲಿ ಅರ್ಧ ಬಳಸಿದರೆ, 40 ಆಂಪ್ ಲೋಡಿಗೆ ಏಳೂವರೆ ತಾಸು ಬರುತ್ತಿದ್ದದ್ದು 60 ಆಂಪ್‌ಗೆ ಐದು ತಾಸಿಗೆ ಇಳಿಯಿತು. ಹಳ್ಳಿ ವಿದ್ಯುತ್ ಲೈನಿನ ಲೋಡ್‌ಶೆಡ್ಡಿಂಗ್ ಅದನ್ನು ದಾಟಿದರೆ ಜನರೇಟರ್ ಓಡಬೇಕು, ತಾಸಿಗೆ ಎರಡು ಲೀಟರ್ ಡೀಸೆಲ್. ದಿನಕ್ಕೆ ಆರು ತಾಸು ಓಡಿದರೆ ತಿಂಗಳಿಗೆ 360 ಲೀಟರ್, ಕಳುವು ಹೊರತಾಗಿ. ಬ್ಯಾಟರಿಗಳಿಗೆ 25 ಡಿಗ್ರಿ ಹಿತ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧವಾಗುತ್ತದೆ. ಮೇ ತಿಂಗಳಲ್ಲಿ 43–44 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಶೆಲ್ಟರಿನ ಎಸಿ ಕೆಟ್ಟರೆ ಐದು ವರ್ಷದ ಬ್ಯಾಟರಿ ಎರಡಕ್ಕೆ ಮುಗಿಯಿತು. 2012ರಲ್ಲಿ ದೂರಸಂಪರ್ಕ ಇಲಾಖೆ, 2015ರೊಳಗೆ ಹಳ್ಳಿ ಟವರುಗಳಲ್ಲಿ ಅರ್ಧದಷ್ಟು ಸೌರ ಇಲ್ಲವೇ ಬೇರೆ ನವೀಕರಿಸಬಹುದಾದ ಶಕ್ತಿಯ ನೆರವಿನಲ್ಲಿ ನಡೆಯಬೇಕು ಎಂದು ಹೇಳಿತು. ಮಾತು ಒಳ್ಳೆಯದೇ. ಆದರೆ ಸೌರ ಫಲಕಕ್ಕೆ ಜಾಗ, ಬೇಲಿ, ಕಾವಲು ಮೂರೂ ಬೇಕು.

«ಟವರ್ ಫುಲ್ ಅದ, ನೆಟ್ ಮಾತ್ರ ನಡೀವಲ್ದು» ಎಂಬ ದೂರಿಗೆ ಕಾರಣ ಬಹಳ ಸಲ ಟವರಲ್ಲ, ಅದರ ಹಿಂದಿನ ಕೊಳವೆ, ಅಂದರೆ ಟವರನ್ನು ಕಂಪನಿಯ ಜಾಲಕ್ಕೆ ಸೇರಿಸುವ ಕೊಂಡಿ. 2ಜಿ ಸೈಟಿಗೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದ ಒಂದೋ ಎರಡೋ ಇ1 ಲೈನ್ ಸಾಕಿತ್ತು. 3ಜಿಯಲ್ಲಿ ಒಂದು ಸೆಕ್ಟರೇ ಕಾಗದದ ಮೇಲೆ 7.2 ಎಂಬಿಪಿಎಸ್, ಮೂರು ಸೆಕ್ಟರಿಗೆ 21 ದಾಟುತ್ತದೆ. ಹಳೆಯ ಮೈಕ್ರೊವೇವ್ ಕೊಂಡಿಯನ್ನು ಬದಲಿಸದೆ 3ಜಿ ಹಚ್ಚಿದ ಕಡೆ ಮೊಬೈಲಿನಲ್ಲಿ 3ಜಿಯ ಗುರುತಾದ «ಎಚ್» ಮೂಡುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಇನ್ನೊಂದು ಕಾರಣ 3ಜಿಯ ಗುಣವೇ. ಎಲ್ಲರೂ ಒಂದೇ ತರಂಗ ಹಂಚಿಕೊಳ್ಳುವುದರಿಂದ ಬಳಕೆದಾರರು ಹೆಚ್ಚಿದಷ್ಟೂ ಗದ್ದಲ ಏರಿ ಸೆಲ್‌ನ ವ್ಯಾಪ್ತಿ ಕುಗ್ಗುತ್ತದೆ. ಬೆಳಿಗ್ಗೆ ಸಿಕ್ಕ 3ಜಿ ಸಂಜೆ ಏಳಕ್ಕೆ ಅದೇ ಕಟ್ಟೆಯ ಮೇಲೆ ಸಿಗುವುದಿಲ್ಲ. ಅಂಚಿನಲ್ಲಿರುವ ಫೋನು 3ಜಿ, 2ಜಿ ನಡುವೆ ಜಿಗಿಯುತ್ತ ಬ್ಯಾಟರಿ ಕುಡಿಯುತ್ತದೆ, ಕರೆ ಕತ್ತರಿಸುತ್ತದೆ. ನೆಟ್‌ವರ್ಕ್ ಮೋಡ್ ಅನ್ನು «ಜಿಎಸ್‌ಎಂ ಓನ್ಲಿ» (ಬರೀ 2ಜಿ) ಮಾಡಿಕೊಂಡವರೇ ಜಾಣರು. ಕಂಪನಿಯ ದೃಷ್ಟಿಯಿಂದ ನೋಡಿದರೆ, 3ಜಿ ಗಿರಾಕಿಯೊಬ್ಬ ತಾನಾಗಿ 2ಜಿಗೆ ಮರಳಿದ.

ಆದಾಯ ಎಲ್ಲಿಂದ ಬರುತ್ತದೆ ಎಂದುಕೊಂಡಿದ್ದರು? ವಿಡಿಯೊ ಕರೆ, ಮೊಬೈಲ್ ಟಿವಿ, ಹಾಡಿನ ಡೌನ್‌ಲೋಡ್. 2010ರ ನವೆಂಬರ್‌ನಲ್ಲಿ ಟಾಟಾ ಡೊಕೊಮೊ, 2011ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಏರ್‌ಟೆಲ್ 3ಜಿ ತೆರೆದಾಗ ಜಾಹೀರಾತುಗಳಲ್ಲಿ ವಿಡಿಯೊ ಕರೆಯದೇ ಭರಾಟೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬ ಹಾಡು, ಸಿನಿಮಾ ತುಂಬಿಸಿ ಕೊಡುತ್ತಿದ್ದ ಕಾಲ ಅದು. ಪ್ಯಾಕ್ ಇಲ್ಲದೆ ನೆಟ್ ತೆರೆದರೆ 10 ಕೆಬಿಗೆ 10 ಪೈಸೆ. ಒಂದು ಜಿಬಿಗೆ ಲೆಕ್ಕ ಹಾಕಿದರೆ ಹತ್ತು ಸಾವಿರ ರೂಪಾಯಿಗೂ ಹೆಚ್ಚು. ಬ್ಯಾಲೆನ್ಸ್ ಒಮ್ಮೆ ಸೊನ್ನೆಯಾದವನು ಆಮೇಲೆ ನೆಟ್ ಬಂದ್ ಮಾಡಿಯೇ ಇಡುತ್ತಿದ್ದ. ಡಬಲ್ ಸಿಮ್ ಫೋನುಗಳಲ್ಲಿ 3ಜಿ ಹಿಡಿಯುತ್ತಿದ್ದದ್ದು ಬಹುಪಾಲು ಒಂದೇ ಸ್ಲಾಟ್. ಎರಡನೆಯದಕ್ಕೆ ಸಿಮ್ ಹಾಕಿ ಪ್ಯಾಕ್ ಕೊಂಡು ಬೈದುಕೊಂಡವರು ಕಡಿಮೆಯಿಲ್ಲ. ನಿಜಕ್ಕೂ ದುಡ್ಡು ಬಂದದ್ದು ಕಂಪ್ಯೂಟರಿಗೆ ಚುಚ್ಚಿ ನೆಟ್ ಪಡೆಯುವ ಡಾಂಗಲ್‌ಗಳಿಂದ: ಹಾಸ್ಟೆಲ್ ಹುಡುಗರು, ಕಾಲೇಜು, ಸಣ್ಣ ಕಚೇರಿಗಳು.

ಗಡಿಯ ಸಂಗತಿ ಸ್ವಾರಸ್ಯಕರ. ಐಡಿಯಾಗೆ ಮಹಾರಾಷ್ಟ್ರದಲ್ಲೂ ಆಂಧ್ರದಲ್ಲೂ (ಆಗ ತೆಲಂಗಾಣವೂ ಸೇರಿ) 3ಜಿ ತರಂಗ ಸಿಕ್ಕಿತ್ತು, ಕರ್ನಾಟಕದಲ್ಲಿ ಇಲ್ಲ. ಬೀದರ್ ಜಿಲ್ಲೆ ಎರಡರ ನಡುವೆ. ಇಂಥ ತೂತು ಮುಚ್ಚಲು ಏರ್‌ಟೆಲ್, ವೊಡಾಫೋನ್, ಐಡಿಯಾ ಪರಸ್ಪರರ ಜಾಲ ಬಳಸುವ ಒಪ್ಪಂದ ಮಾಡಿಕೊಂಡವು. 2011ರ ಕೊನೆಯಲ್ಲಿ ಇಲಾಖೆ ಅದನ್ನು ನಿಲ್ಲಿಸಲು ಹೇಳಿತು. ವ್ಯಾಜ್ಯ ನಡೆದು 2014ರ ಏಪ್ರಿಲ್‌ನಲ್ಲಿ ಟೆಲಿಕಾಂ ನ್ಯಾಯಮಂಡಳಿ ಕಂಪನಿಗಳ ಪರ ತೀರ್ಪು ಕೊಟ್ಟಿತು. ಹೂಡಿಕೆಗೆ ಬೇಕಾಗಿದ್ದ ಎರಡು ವರ್ಷಕ್ಕೂ ಹೆಚ್ಚು ಕಾಲ ಅನುಮಾನದಲ್ಲೇ ಕಳೆಯಿತು.

ಒಂದು ಟವರಿನ ಗಳಿಕೆಯ ಲೆಕ್ಕವೇ ಎಲ್ಲ ಹೇಳುತ್ತದೆ. ಒಂದು ಸೆಕ್ಟರ್ ವಾಸ್ತವದಲ್ಲಿ ಸರಾಸರಿ 3.5 ಎಂಬಿಪಿಎಸ್ ಕೊಡುತ್ತದೆ ಎಂದುಕೊಳ್ಳಿ. ದಟ್ಟಣೆಯ ಒಂದು ತಾಸಿಗೆ ಮೂರು ಸೆಕ್ಟರ್ ಸೇರಿ 4.7 ಜಿಬಿ. ದಿನದ ಬಳಕೆಯ ಶೇ 8 ಆ ತಾಸಿನಲ್ಲಿ ಆಗುವುದಾದರೆ ದಿನಕ್ಕೆ 59, ತಿಂಗಳಿಗೆ ಸುಮಾರು 1,770 ಜಿಬಿ. ಜಿಬಿಗೆ 250 ರೂಪಾಯಿಯಂತೆ 4.4 ಲಕ್ಷ. ಆ 250ರಲ್ಲಿ ಸೇವಾ ತೆರಿಗೆ, ಲೈಸೆನ್ಸ್ ಮತ್ತು ತರಂಗ ಬಳಕೆ ಶುಲ್ಕ, ರಿಚಾರ್ಜ್ ಅಂಗಡಿಯವನ ಕಮಿಷನ್ ಕಳೆದರೆ ಕಂಪನಿಗೆ ಉಳಿಯುವುದು 180–190. ತುಂಬಿ ಹರಿಯುವ ನಗರದ ಟವರಿಗೆ ಇದು ಭರ್ಜರಿ ಲಾಭ. ಗುರುಮಠಕಲ್ ಕಡೆಯ ಹಳ್ಳಿಯಲ್ಲಿ ಸಾಮರ್ಥ್ಯದ ಶೇ 5 ಮಾರಾಟವಾದರೆ 22 ಸಾವಿರ, ಉಳಿಯುವುದು 16 ಸಾವಿರ. 360 ಲೀಟರ್ ಡೀಸೆಲ್ಲಿಗೇ ಅದು ಮುಗಿಯುತ್ತದೆ. ಇದರ ಜೊತೆಗೆ ವಲಸೆ. ಈ ಜಿಲ್ಲೆಗಳಲ್ಲಿ ಡೇಟಾ ಕೊಳ್ಳುವ ವಯಸ್ಸಿನ ಹುಡುಗರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕಟ್ಟಡ ಕಟ್ಟುತ್ತಿದ್ದರು. ಅವರ ರಿಚಾರ್ಜು ಅಲ್ಲಿನ ಟವರಿನ ಖಾತೆಗೆ.

ಡೇಟಾ ಬಳಕೆ ನಿಜಕ್ಕೂ ಏರಿದ್ದು ಅಗ್ಗದ ಆಂಡ್ರಾಯ್ಡ್ ಫೋನು, ವಾಟ್ಸ್‌ಆ್ಯಪ್ ಬಂದ ಮೇಲೆ, 2013–14ರಿಂದ. ಕಲಬುರಗಿಯ ತೊಗರಿ ವ್ಯಾಪಾರ, ದಾಲ್‌ಮಿಲ್‌ಗಳ ದರದ ಮಾತುಕತೆ ಗ್ರೂಪುಗಳಿಗೆ ಸರಿಯಿತು. 3ಜಿಗೆ ಅಂತೂ ಗಿರಾಕಿ ಸಿಕ್ಕ ಎನ್ನುವಷ್ಟರಲ್ಲಿ, 2016ರ ಸೆಪ್ಟೆಂಬರ್ 5ರಂದು ಜಿಯೊ ನೇರವಾಗಿ 4ಜಿಯೊಂದಿಗೆ ಬಂತು. ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ಲೆಕ್ಕದಲ್ಲಿ ಜಿಬಿಯ ಸರಾಸರಿ ದರ 2014ರಲ್ಲಿ 269 ರೂಪಾಯಿ, 2018ರಲ್ಲಿ 11.78. ಮೇಲಿನ 1,770 ಜಿಬಿಯನ್ನು ಈ ದರಕ್ಕೆ ಗುಣಿಸಿ: ಸುಮಾರು 21 ಸಾವಿರ. ಗಿಜಿಗುಡುವ ಸೂಪರ್ ಮಾರ್ಕೆಟ್ ಟವರಿನ 3ಜಿ ಗಳಿಕೆ ಗುರುಮಠಕಲ್ ಹಳ್ಳಿಯದಕ್ಕೆ ಸಮನಾಯಿತು. 5 ಮೆಗಾಹರ್ಟ್ಸ್ ತರಂಗ ಮತ್ತು ಹಳೆಯ ತಂತ್ರಜ್ಞಾನ ಹಿಡಿದುಕೊಂಡು ಆ ದರದಲ್ಲಿ ಬದುಕುವ ದಾರಿ ಇರಲಿಲ್ಲ.

ಕರ್ನಾಟಕದಲ್ಲಿ ಹರಾಜು ಗೆದ್ದ ಮೂವರಲ್ಲಿ ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಟಾಟಾದ ಮೊಬೈಲ್ ವ್ಯವಹಾರ ತರಂಗ ಸಮೇತ 2019ರಲ್ಲಿ ಏರ್‌ಟೆಲ್ ಪಾಲಾಯಿತು. ಏರ್‌ಟೆಲ್ ತಾನೇ 2019–20ರಲ್ಲಿ 3ಜಿ ಆರಿಸಿ, ತರಂಗವನ್ನು 4ಜಿಗೆ ತಿರುಗಿಸಿತು. 900 ಮೆಗಾಹರ್ಟ್ಸ್‌ನಲ್ಲೂ 4ಜಿ ಹಚ್ಚಿತು. ಹಳ್ಳಿಗೆ ಮೊದಲೇ ಬೇಕಾಗಿದ್ದದ್ದು ಆ ಬ್ಯಾಂಡು. ಬರೀ 3ಜಿ ಹಿಡಿಯುವ ಫೋನು ಇದ್ದವರು ಎಡ್ಜ್‌ಗೆ ಮರಳಿದರು. 2010ರಲ್ಲಿ ಕೊಂಡ ತರಂಗದ ಇಪ್ಪತ್ತು ವರ್ಷದ ಅವಧಿ 2030ಕ್ಕೆ ಮುಗಿಯುತ್ತದೆ. ಆಮೇಲಿನ ಹರಾಜುಗಳಲ್ಲೂ ಬೆಲೆ ನಿಗದಿಯಾಗಿರುವುದು ಸರ್ಕಲ್ ಲೆಕ್ಕದಲ್ಲೇ, ಬೆಂಗಳೂರು ಮತ್ತು ಯಾದಗಿರಿ ಒಂದೇ ಚೀಟಿಯಲ್ಲಿ.