ಲಿಮಿಟ್ ಪೋಕರ್: ಏರಿಸುವುದೋ, ಕಾಲ್ ಮಾಡುವುದೋ, ಬಿಡುವುದೋ?

ಹೋಲ್ಡೆಮ್ ಎಂಬ ಪೋಕರ್‌ನಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಲಿಮಿಟ್ ಹೋಲ್ಡೆಮ್‌ನಲ್ಲಿ ಬೆಟ್‌ನ (ಪಣದ) ಮೊತ್ತ ಮೊದಲೇ ಗೊತ್ತಾಗಿರುತ್ತದೆ. ಕೈಗೆ ಎರಡು ಎಲೆ ಬಂದಾಗ ಮತ್ತು ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರು ಎಲೆ) ಸಣ್ಣ ಬೆಟ್. ಟರ್ನ್ (ನಾಲ್ಕನೇ ಎಲೆ) ಮತ್ತು ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಅದರ ಎರಡರಷ್ಟು. ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದು ಬೆಟ್, ಅದರ ಮೇಲೆ ಮೂರು ಸಲ ಏರಿಕೆ, ಅಷ್ಟೇ. ದೊಡ್ಡ ಮೊತ್ತ ಹಾಕಿ ಎದುರಾಳಿಯನ್ನು ಹೆದರಿಸಲು ಇಲ್ಲಿ ದಾರಿಯಿಲ್ಲ. ಹಾಗಾಗಿ ಬಹುತೇಕ ಪ್ರತಿ ತೀರ್ಮಾನವೂ ಒಂದೇ ಲೆಕ್ಕಕ್ಕೆ ಬಂದು ನಿಲ್ಲುತ್ತದೆ: ಪಾಟ್‌ನಲ್ಲಿ (ಎಲ್ಲರ ಬೆಟ್ ಸೇರಿದ ರಾಶಿಯಲ್ಲಿ) ಎಷ್ಟಿದೆ, ಆಟದಲ್ಲಿ ಉಳಿಯಲು ನಾನು ಎಷ್ಟು ಕೊಡಬೇಕು? ಪಾಟ್ ಸುತ್ತಿನಿಂದ ಸುತ್ತಿಗೆ ಬೆಳೆಯುತ್ತದೆ, ಬೆಟ್ ಬೆಳೆಯುವುದು ಒಮ್ಮೆ ಮಾತ್ರ. ಅಂದರೆ ತಪ್ಪಾಗಿ ಬಿಟ್ಟುಕೊಟ್ಟರೆ ಆಗುವ ನಷ್ಟ ಆರಂಭದಲ್ಲಿ ಅಲ್ಪ, ಕೊನೆಯಲ್ಲಿ ಭಾರಿ. ಕಲಿಯುವವರಲ್ಲಿ ಹೆಚ್ಚಿನವರು ಇದಕ್ಕೆ ತದ್ವಿರುದ್ಧವಾಗಿ ಆಡುತ್ತಾರೆ: ಮೊದಲು ಸಿಕ್ಕಿದ್ದಕ್ಕೆಲ್ಲ ಕಾಲ್ ಮಾಡಿ (ಎದುರಾಳಿಯ ಬೆಟ್‌ನಷ್ಟೇ ಹಾಕಿ ಆಟದಲ್ಲಿ ಉಳಿದು), ರಿವರ್‌ನಲ್ಲಿ ಅಂಜಿ ಕೈಬಿಡುತ್ತಾರೆ.

ಫ್ಲಾಪ್‌ಗೆ ಮುಂಚೆ, ನಿಮಗಿಂತ ಮೊದಲು ಯಾರೂ ಆಟಕ್ಕೆ ಬಂದಿಲ್ಲದಿದ್ದರೆ, ಏರಿಸಿ ಅಥವಾ ಬಿಡಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದ ಸೆಫಿಯಸ್ ಎಂಬ ಪ್ರೋಗ್ರಾಂ, ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಬಹುತೇಕ ಪೂರ್ತಿ ಬಿಡಿಸಿತು. ಮೊದಲ ಸರದಿಯಲ್ಲಿ ಅದು ಆಟ ಶುರುವಿನ ಕಡ್ಡಾಯ ಬೆಟ್‌ಗೆ ಬರೀ ಕಾಲ್ ಮಾಡುವುದು ಇಲ್ಲವೆನ್ನುವಷ್ಟು ಅಪರೂಪ.

ಈಗ ಫ್ಲಾಪ್. ಇಲ್ಲಿ ಸ್ವಲ್ಪ ನಿಧಾನಿಸೋಣ. ನಿಮ್ಮ ಕೈಯಲ್ಲಿ ಆಟೀನಿನ ಎಕ್ಕ ಮತ್ತು ಹತ್ತು. ಮೇಜಿನ ಮೇಲೆ ಆಟೀನಿನ ರಾಜ, ಆಟೀನಿನ ಏಳು, ಕಳಾವರಿನ ಮೂರು. ಕಾಣದ ಎಲೆಗಳು 47, ಅವುಗಳಲ್ಲಿ ಆಟೀನು 9. ಮುಂದಿನ ಎಲೆಯಲ್ಲೇ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗದಿರುವುದಕ್ಕೂ ಆಗುವುದಕ್ಕೂ ಇರುವ ಅನುಪಾತ 38ಕ್ಕೆ 9, ಅಂದರೆ ಸುಮಾರು 4.2ಕ್ಕೆ 1. ಪಾಟ್‌ನಲ್ಲಿ ಐದು ಬೆಟ್ ಇದ್ದು ನೀವು ಒಂದು ಕೊಡಬೇಕಿದ್ದರೆ ಕಾಲ್ ಮಾಡುವುದರಲ್ಲಿ ಅನುಮಾನವೇ ಬೇಡ. ಆದರೆ ಮೂವರು ಎದುರಾಳಿಗಳು ಉಳಿದಿದ್ದಾರೆ, ಯಾರೂ ಬಿಡುವ ಲಕ್ಷಣವಿಲ್ಲ ಎಂದುಕೊಳ್ಳಿ. ಆಗ ಪಾಟ್‌ಗೆ ಸೇರುವ ಪ್ರತಿ ನಾಲ್ಕು ಬೆಟ್‌ನಲ್ಲಿ ನಿಮ್ಮದು ಒಂದು, ಶೇ 25. ರಿವರ್ ಹೊತ್ತಿಗೆ ಫ್ಲಶ್ ಆಗುವ ಸಾಧ್ಯತೆ ಶೇ 35. ಇನ್ನೂ ಜೋಡಿಯೂ ಆಗದ ಕೈಯಲ್ಲಿ ಏರಿಸುವುದೇ ಲಾಭ! ಈ ಲೆಕ್ಕ ನನಗೆ ಇಂದಿಗೂ ಖುಷಿ ಕೊಡುತ್ತದೆ. ಒಂದು ಎಚ್ಚರಿಕೆ: ಆ ಒಂಬತ್ತರಲ್ಲಿ ಆಟೀನಿನ ಮೂರು ಎಂಬ ಎಲೆ ಪೂರ್ತಿ ನಿಮ್ಮದಲ್ಲ. ಎದುರಾಳಿಯ ಬಳಿ ಮೂರು ಏಳುಗಳಾಗಿದ್ದರೆ ಅದೇ ಎಲೆ ಅವನಿಗೆ ಫ್ಲಶ್‌ಗಿಂತ ಮೇಲಾದ ಫುಲ್ ಹೌಸ್ (ಒಂದೇ ಅಂಕೆಯ ಮೂರು, ಜೊತೆಗೆ ಒಂದು ಜೋಡಿ) ಕಟ್ಟಿಕೊಡುತ್ತದೆ.

ಏರಿಸಲು ಇನ್ನೊಂದು ಕಾರಣವಿದೆ: ನಿಮ್ಮ ನಂತರ ಆಡುವವರಿಗೆ ಬೆಲೆ ಹೆಚ್ಚಿಸುವುದು. ಪಾಟ್‌ನಲ್ಲಿ ಐದು ಸಣ್ಣ ಬೆಟ್. ಒಬ್ಬ ಬೆಟ್ ಮಾಡಿದ, ಆರಾಯಿತು. ನೀವು ಕಾಲ್ ಮಾಡಿದರೆ ಮುಂದಿನವನಿಗೆ 7ಕ್ಕೆ 1 ಸಿಗುತ್ತದೆ. ಏರಿಸಿದರೆ ಪಾಟ್‌ನಲ್ಲಿ ಎಂಟು, ಅವನು ಕೊಡಬೇಕಾದದ್ದು ಎರಡು: 4ಕ್ಕೆ 1. ಸಣ್ಣ ಜೋಡಿ ಹಿಡಿದು, ತನ್ನನ್ನು ಗೆಲ್ಲಿಸಬಲ್ಲ ಐದು ಎಲೆಗಳ ಆಸೆಯಲ್ಲಿರುವವನಿಗೆ ಬೇಕಾದದ್ದು 8.4ಕ್ಕೆ 1. ಮುಂದೆ ಸಿಗುವ ಬೆಟ್‌ಗಳನ್ನು ನೆನೆದು ಏಳಕ್ಕೆ ಬಂದಾನು, ನಾಲ್ಕಕ್ಕೆ ಬಂದರೆ ಅದು ಅವನ ತಪ್ಪು. ನಿಮ್ಮದು ದುರ್ಬಲವಾದ ಮೇಲಿನ ಜೋಡಿಯಾಗಿದ್ದಾಗ (ಮೇಜಿನ ಅತಿ ದೊಡ್ಡ ಎಲೆಯೊಂದಿಗೆ ಆದ ಜೋಡಿ) ಈ ಏರಿಕೆ ಬಹಳ ಮುಖ್ಯ.

ಟರ್ನ್‌ನಲ್ಲಿ ಬೆಟ್ ಇಮ್ಮಡಿಯಾಗುವುದರಿಂದ, ನಡುವೆ ಒಂದೇ ಎಲೆ ಬೇಕಾದ ಸ್ಟ್ರೇಟ್‌ನ (ಅನುಕ್ರಮದ ಐದು ಎಲೆ) ಆಸೆಯನ್ನು ಸಾಮಾನ್ಯವಾಗಿ ಇಲ್ಲೇ ಬಿಡಬೇಕು. ನಾಲ್ಕೇ ಎಲೆ, 10.5ಕ್ಕೆ 1. ಅಷ್ಟು ದೊಡ್ಡ ಪಾಟ್ ಸಿಗುವುದು ವಿರಳ.

ರಿವರ್‌ನಲ್ಲಿ ಎದುರಾಳಿಯ ಬೆಟ್ ಸೇರಿ ಪಾಟ್‌ನಲ್ಲಿ ಒಂಬತ್ತು ದೊಡ್ಡ ಬೆಟ್ ಇವೆ, ನಿಮ್ಮ ಬಳಿ ಎರಡನೇ ಜೋಡಿ (ಮೇಜಿನ ಎರಡನೇ ದೊಡ್ಡ ಎಲೆಯೊಂದಿಗೆ ಆದದ್ದು). ಹತ್ತರಲ್ಲಿ ಒಮ್ಮೆ ಗೆದ್ದರೂ ಕಾಲ್ ಮಾಡಿದ್ದು ಸರಿಸಮ. ಎರಡು ಸಲ ಗೆದ್ದರೆ ಲಾಭ. ತಪ್ಪಾಗಿ ಕಾಲ್ ಮಾಡಿದರೆ ಹೋಗುವುದು ಒಂದು, ತಪ್ಪಾಗಿ ಬಿಟ್ಟರೆ ಒಂಬತ್ತು. ‘ಬಹುಶಃ ಸೋತಿದ್ದೇನೆ’ ಎಂಬ ಅನಿಸಿಕೆ ಇಲ್ಲಿ ಬಿಡಲು ಸಾಲದು. ಆದರೆ ಏರಿಸಲು ಬೇರೆಯೇ ಅಳತೆ: ಪಾಟ್ ಎಷ್ಟಿದೆ ಎಂಬುದು ಅಲ್ಲಿ ಅಮುಖ್ಯ. ಎದುರಾಳಿ ಕಾಲ್ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಸಲ ನೀವೇ ಗೆಲ್ಲಬೇಕು. ಅವನು ಮತ್ತೆ ಏರಿಸಬಹುದಾದ್ದರಿಂದ ಅದಕ್ಕಿಂತಲೂ ತುಸು ಹೆಚ್ಚೇ ಬೇಕು.