ಮಿದುಳಿನ ಕಾಯಿಲೆಗೆ ಗಿಡದ ಮದ್ದು: ಫಾರ್ಮಕಾಗ್ನಸಿ ಟಿಪ್ಪಣಿ

ಮಂಗಳೂರಿನಲ್ಲಿ ನನ್ನ ಜೊತೆ ಬಿ.ಫಾರ್ಮ್ ಓದುವ ತುಂಬಾ ಜನ ಫಾರ್ಮಕಾಗ್ನಸಿಯ, ಅಂದರೆ ಗಿಡದಂಥ ನೈಸರ್ಗಿಕ ಮೂಲದ ಮದ್ದುಗಳ ಅಧ್ಯಯನದ, ಈ ಪಾಠವನ್ನು ಗಿಡದ ಹೆಸರು, ಅದರ ಅಂಶ, ಕಾಯಿಲೆ ಅಂತ ಸುಮ್ನೆ ಬಾಯಿಪಾಠ ಮಾಡುತ್ತಾರೆ. ಅದು ಬೇಡ. ಪ್ರತಿ ಗಿಡಕ್ಕೂ ಮೊದಲು ಒಂದು ಪ್ರಶ್ನೆ ಹಾಕಿ: ಇದರ ಅಂಶ ರಕ್ತದಿಂದ ಮಿದುಳಿನೊಳಗೆ ಹೋಗುತ್ತದಾ?

ನಸುಗುನ್ನಿ ತೆಗೆದುಕೊಳ್ಳಿ. ಪೊದೆಗಳ ಮೇಲೆ ಹಬ್ಬುವ ಬಳ್ಳಿ, ಕಾಯಿಯ ರೋಮ ತಾಗಿದರೆ ವಿಪರೀತ ತುರಿಕೆ. ಇದರ ಬೀಜದಿಂದ ಲೆವೊಡೋಪಾವನ್ನು, ಅಂದರೆ ಇವತ್ತು ಪಾರ್ಕಿನ್ಸನ್‌ಗೆ ಕೊಡುವ ಮದ್ದನ್ನು, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಕೈಕಾಲಿನ ಚಲನೆ ಕೆಡುವ ಪಾರ್ಕಿನ್ಸನ್ ಕಾಯಿಲೆಯಲ್ಲಿ, ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಹಾಗಾದರೆ ಡೋಪಮೈನನ್ನೇ ಕೊಡಬಹುದಲ್ವಾ? ಆಗುವುದಿಲ್ಲ, ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಅದು ದಾಟುವುದಿಲ್ಲ. ಲೆವೊಡೋಪಾ ಅಮೈನೊ ಆಮ್ಲವಾದ್ದರಿಂದ ಅಮೈನೊ ಆಮ್ಲಗಳನ್ನು ಸಾಗಿಸುವ ವಾಹಕವನ್ನೇ ಹಿಡಿದು ಒಳಗೆ ಹೋಗಿ, ಅಲ್ಲಿ ಡೋಪಮೈನ್ ಆಗುತ್ತದೆ. ಮಿದುಳು ತಲುಪುವ ಮೊದಲೇ ಬದಲಾಗದಿರಲಿ ಅಂತ ಮಾತ್ರೆಯಲ್ಲಿ ಕಾರ್ಬಿಡೋಪಾ ಸೇರಿಸುತ್ತಾರೆ. ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ಮಾತ್ರೆ ನುಂಗಿದರೆ ಕೆಲವರಿಗೆ ಪರಿಣಾಮ ಕಮ್ಮಿಯಾಗುವುದೂ ಇದೇ ಕಾರಣಕ್ಕೆ: ವಾಹಕಕ್ಕಾಗಿ ಪೈಪೋಟಿ. ಇಷ್ಟು ತಿಳಿದರೆ ಪಾರ್ಕಿನ್ಸನ್ ಭಾಗ ಮರೆಯುವುದಿಲ್ಲ.

ಮರೆವಿನ ಕಾಯಿಲೆಯಾದ ಅಲ್ಝೈಮರ್‌ನಲ್ಲಿ ಅಸಿಟೈಲ್‌ಕೋಲಿನ್ ಎಂಬ, ನೆನಪಿಗೆ ಬೇಕಾದ ಸಂದೇಶವಾಹಕ ರಾಸಾಯನಿಕ ಕಮ್ಮಿಯಾಗುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ತಡೆಯುವುದು ಗ್ಯಾಲಂಟಮೈನ್. ಮೂಲ ಸ್ನೋಡ್ರಾಪ್ ಗಿಡ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ರಿವಾಸ್ಟಿಗ್ಮೈನ್ ಕ್ಯಾಲಬಾರ್ ಬೀಜದ ಫೈಸೊಸ್ಟಿಗ್ಮೈನ್ ಮಾದರಿಯಲ್ಲಿ ತಯಾರಾದದ್ದು. ಡೊನೆಪೆಝಿಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದು ಗಿಡದಿಂದ ಬಂದದ್ದಲ್ಲ, ಇಲ್ಲಿ ಸೇರಿಸಬೇಡಿ. ಇವೆಲ್ಲ ಲಕ್ಷಣಗಳನ್ನು ಸ್ವಲ್ಪ ಕಾಲ ಹಿಡಿದಿಡುತ್ತವೆ ಅಷ್ಟೇ, ಜೀವಕೋಶ ಸಾಯುವುದನ್ನು ನಿಲ್ಲಿಸುವುದಿಲ್ಲ. ಈ ವ್ಯತ್ಯಾಸವನ್ನು ಉತ್ತರದಲ್ಲಿ ಖಂಡಿತ ಬರೆಯಿರಿ.

ಅರಿಶಿನದ ಬಗ್ಗೆ ನನಗೂ ತುಂಬಾ ಆಸೆ ಇದೆ. ಆದರೆ ಅದರ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಕರ್ಕ್ಯುಮಿನ್‌ನ ಲಭ್ಯತೆ, ಅಂದರೆ ರಕ್ತಕ್ಕೆ ಸೇರುವ ಪ್ರಮಾಣ, 2000 ಶೇಕಡಾ ಹೆಚ್ಚಿತ್ತು. ದೊಡ್ಡ ಸಂಖ್ಯೆ, ನಿಜ. ಆದರೆ ಅದು ರಕ್ತದ ಲೆಕ್ಕ, ಮಿದುಳಿನದ್ದಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ರೋಗಿಗಳಲ್ಲಿ ಅಷ್ಟೇ ಚೆನ್ನಾಗಿ ಮಾಡಬೇಕೆಂದಿಲ್ಲ. ನೆನಪಿಗೆ ಒಳ್ಳೆಯದು ಅಂತ ಹೇಳುವ ಗಿಂಕ್ಗೊ ಮರದ ಎಲೆಯ ಸಾರ ನೋಡಿ: 3069 ಹಿರಿಯರ ಮೇಲಿನ ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು, ಮರೆವಿನ ಕಾಯಿಲೆ ಬರುವುದು ಅದರಿಂದ ಕಮ್ಮಿಯಾಗಲಿಲ್ಲ.

ಇನ್ನು ನಮ್ಮ ತಿಮರೆ, ಅಂದರೆ ಒಂದೆಲಗ. ಚಟ್ನಿ, ತಂಬುಳಿ ಧಾರಾಳ ಮಾಡಿ ತಿನ್ನಿ. ಇಲಿಗಳ ಮೇಲಿನ ಫಲಿತಾಂಶಗಳು ಆಸಕ್ತಿ ಹುಟ್ಟಿಸುತ್ತವೆ, ಆದರೆ ಪರೀಕ್ಷೆಯಲ್ಲಿ ಅದನ್ನು ಅಲ್ಝೈಮರ್‌ಗೆ ಒಪ್ಪಿಗೆ ಸಿಕ್ಕ ಮದ್ದು ಅಂತ ಬರೆಯಬೇಡಿ. ನಸುಗುನ್ನಿ ಪುಡಿಯ ವಿಷಯದಲ್ಲಂತೂ ಮನೆಯವರಿಗೂ ಹೇಳಿ: ಬೀಜದಿಂದ ಬೀಜಕ್ಕೆ ಲೆವೊಡೋಪಾ ಪ್ರಮಾಣ ಬೇರೆಯಾಗುತ್ತದೆ, ಪಾರ್ಕಿನ್ಸನ್ ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.